ಅಯಾನುಗಳ ಓಟ ಮತ್ತು ರಕ್ತದ ಜಾತಕ

ಬೆಳಗಿನ ಕಾಫಿಯ ಗಡಿಬಿಡಿಯಲ್ಲಿ, ಒಲೆಯ ಮೇಲೆ ಕಾಯುತ್ತಿರುವ ಹಾಲಿಗೆ ಎಲ್ಲಿಂದಲೋ ನಾಲ್ಕು ಹನಿ ನಿಂಬೆಯ ಹುಳಿ ತಾಗಿಬಿಟ್ಟರೆ ಏನಾಗುವುದೆಂಬುದನ್ನು ಹೊಟೇಲಿನ ಅಡಿಗೆಮನೆಯಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಹಾಲು ಒಡೆಯುತ್ತದೆ, ಭಟ್ಟರು ಸಿಡುಕುತ್ತಾರೆ, ಗಲ್ಲೆಯ ಮೇಲೆ ಕುಳಿತವರು ನಷ್ಟದ ಲೆಕ್ಕ ಹಾಕುತ್ತಾರೆ. ಆದರೆ ಹಾಲು ಏಕೆ ಒಡೆಯಿತೆಂದು ಕೇಳುವವರು ವಿರಳ.

ಹಾಲಿನಲ್ಲಿ ಕೇಸೀನ್ ಎಂಬ ಸಸಾರಜನಕದ ಕಣಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ತೇಲುತ್ತಿರುತ್ತವೆ. ಒಂದೊಂದು ಕಣವೂ ಋಣ ವಿದ್ಯುತ್ತಿನ ಅಂಶವನ್ನು ಹೊತ್ತಿರುತ್ತದೆ. ಒಂದೇ ಬಗೆಯ ವಿದ್ಯುತ್ತುಳ್ಳವು ಒಂದನ್ನೊಂದು ದೂರ ತಳ್ಳುತ್ತವೆಯಾದುದರಿಂದ ಈ ಕಣಗಳು ಒಟ್ಟುಗೂಡಲಾರದೆ ಬೇರೆ ಬೇರೆಯಾಗಿಯೇ ಉಳಿಯುತ್ತವೆ, ಹಾಲು ಹಾಲಾಗಿರುತ್ತದೆ. ಹುಳಿಯಲ್ಲಿರುವ ಜಲಜನಕದ ಕಣಗಳಾದರೋ ಧನ ವಿದ್ಯುತ್ತನ್ನು ಹೊತ್ತವು. ಅವು ಬಂದು ಕೇಸೀನಿನ ಮೇಲೆ ಕುಳಿತು ಅದರ ಋಣವನ್ನು ತೀರಿಸಿಬಿಡುತ್ತವೆ. ಆಮ್ಲತೆಯ ಅಳತೆಯಾದ ಪಿಎಚ್ ಸುಮಾರು 6.7ರಿಂದ 4.6ಕ್ಕೆ ಇಳಿಯುವಷ್ಟರಲ್ಲಿ, ಬಿಸಿ ಹಾಲಿನಲ್ಲಿ ಅದಕ್ಕಿಂತಲೂ ಮೊದಲೇ, ತಳ್ಳುವ ಬಲ ಕುಂದಿ, ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಗಟ್ಟುತ್ತವೆ. ಹಾಲು ಒಡೆಯುವುದೆಂದರೆ ಇಷ್ಟೇ.

ಅಡಿಗೆಮನೆಯ ಈ ಸಣ್ಣ ಅವಘಡದಲ್ಲಿ ಅಡಗಿರುವ ನಿಯಮವೇ, ಮದುವೆಗೆ ನಿಂತಿರುವ ಗಂಡು ಹೆಣ್ಣುಗಳಿಗೆ ಜಾತಕವು ಹೇಳಲಾರದ ಒಂದು ಮಾತನ್ನು ಹೇಳಬಲ್ಲುದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆ ಮಾತು ಯಾವುದು, ಅದನ್ನು ಹೇಳುವ ಬಗೆ ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಉಪ್ಪುನೀರಿನೊಳಗಿನ ಪ್ರಯಾಣಿಕರು

ಒಣಗಿದ ಉಪ್ಪಿನ ಹರಳು ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಅತ್ಯಂತ ಶುದ್ಧವಾದ ನೀರೂ ಬಹುಮಟ್ಟಿಗೆ ಹಾಗೆಯೇ. ಆದರೆ ಆ ಉಪ್ಪನ್ನು ಆ ನೀರಿನಲ್ಲಿ ಕರಗಿಸಿದರೆ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಒದ್ದೆ ಕೈಯಿಂದ ಸ್ವಿಚ್ಚನ್ನು ಮುಟ್ಟಬಾರದೆಂದು ಹಿರಿಯರು ಎಚ್ಚರಿಸುವುದು ಸುಮ್ಮನೆ ಅಲ್ಲ. ಬೆವರಿನಲ್ಲಿಯೂ ನಲ್ಲಿಯ ನೀರಿನಲ್ಲಿಯೂ ಕರಗಿರುವ ಲವಣಗಳೇ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ.

ಕರಗಿದ ಉಪ್ಪಿನಲ್ಲಿ ನಡೆಯುವುದೇನು? ಸೋಡಿಯಂ ಮತ್ತು ಕ್ಲೋರಿನ್ ಒಂದರಿಂದೊಂದು ಬಿಡಿಸಿಕೊಂಡು, ಸೋಡಿಯಂ ಧನ ಆವೇಶವನ್ನೂ ಕ್ಲೋರಿನ್ ಋಣ ಆವೇಶವನ್ನೂ ಹೊತ್ತು ನೀರಿನಲ್ಲಿ ಅಲೆಯತೊಡಗುತ್ತವೆ. ಎರಡು ಲೋಹದ ತುದಿಗಳನ್ನು ನೀರಿನಲ್ಲಿ ಮುಳುಗಿಸಿ ಬ್ಯಾಟರಿಗೆ ಜೋಡಿಸಿದೊಡನೆ ಈ ಅಲೆದಾಟಕ್ಕೆ ಒಂದು ದಿಕ್ಕು ದೊರೆಯುತ್ತದೆ. ಧನ ಕಣಗಳು ಋಣಾಗ್ರದತ್ತಲೂ ಋಣ ಕಣಗಳು ಧನಾಗ್ರದತ್ತಲೂ ಹೊರಡುತ್ತವೆ. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1834ರಲ್ಲಿ ಇವುಗಳಿಗೆ 'ಅಯಾನು' ಎಂಬ ಹೆಸರನ್ನು ಬಳಕೆಗೆ ತಂದನು. ಗ್ರೀಕ್ ಮೂಲದ ಆ ಶಬ್ದಕ್ಕೆ 'ಹೋಗುವಂಥದು' ಎಂದು ಅರ್ಥ. ಊರು ಬಿಟ್ಟು ದುಡಿಯಲು ಹೊರಟ ನಮ್ಮಂಥವರಿಗೆ ಈ ಹೆಸರು ಒಗ್ಗುವಂಥದೇ ಸರಿ.

ವಿದ್ಯುತ್ತು ಹಾಯುವ ಮೊದಲೇ, ನೀರಿನಲ್ಲಿ ಕರಗಿದ ಮಾತ್ರಕ್ಕೇ ಲವಣವು ಅಯಾನುಗಳಾಗಿ ಒಡೆಯುತ್ತದೆಂಬ ವಾದಕ್ಕೆ ಬುನಾದಿ ಹಾಕಿದವನು ಸ್ವೀಡನ್ನಿನ ತರುಣ ಸ್ವಾಂಟೆ ಅರ್‍ಹೇನಿಯಸ್. 1884ರಲ್ಲಿ ಅವನು ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧಕ್ಕೆ ಪರೀಕ್ಷಕರು ಕೆಳದರ್ಜೆಯನ್ನು ಕೊಟ್ಟು ಕೈತೊಳೆದುಕೊಂಡರು. 1903ರಲ್ಲಿ ಅದೇ ವಿಚಾರಕ್ಕಾಗಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ಅಯಾನುಗಳು ಹೋಗುವ ವೇಗವನ್ನು ಕೇಳಿದರೆ ನಗು ಬರುವಂತಿದೆ. ಒಂದು ಸೆಂಟಿಮೀಟರಿಗೆ ಒಂದು ವೋಲ್ಟಿನಂತೆ ಒತ್ತಡವಿರುವಾಗ ಸೋಡಿಯಂ ಅಯಾನು ಗಂಟೆಗೆ ಸುಮಾರು 2 ಸೆಂಟಿಮೀಟರು ಸಾಗುತ್ತದೆ. ಕ್ಲೋರಿನ್ನಿನ ಅಯಾನು ಸುಮಾರು 3 ಸೆಂಟಿಮೀಟರು. ಜಲಜನಕದ ಅಯಾನು ಮಾತ್ರ 13 ಸೆಂಟಿಮೀಟರಿನಷ್ಟು ಓಡುತ್ತದೆ. ಏಕೆಂದರೆ ಅದು ತಾನೇ ನೀರನ್ನು ಸೀಳಿಕೊಂಡು ಹೋಗುವುದಿಲ್ಲ. ಒಂದು ನೀರಿನ ಅಣು ತನ್ನಲ್ಲಿರುವುದನ್ನು ಪಕ್ಕದ ಅಣುವಿಗೆ ದಾಟಿಸುತ್ತದೆ, ಅದು ತನ್ನದನ್ನು ಮುಂದಿನದಕ್ಕೆ ಕೊಡುತ್ತದೆ. ಸಮಾರಾಧನೆಯ ಪಂಕ್ತಿಯಲ್ಲಿ ಅನ್ನದ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸಿದಂತೆ. ಈ ದಾಟಿಸುವಿಕೆಯ ಕಲ್ಪನೆಯನ್ನು 1806ರಷ್ಟು ಹಿಂದೆಯೇ ಗ್ರೋಟಸ್ ಎಂಬವನು ಮುಂದಿಟ್ಟಿದ್ದನು. ಪ್ರತಿಯೊಂದು ಅಯಾನಿಗೂ ಅದರದೇ ಆದ ನಡಿಗೆಯುಂಟು. ನಡಿಗೆಯಿಂದಲೇ ಅದನ್ನು ಗುರುತಿಸಬಹುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬರುವುದೆಲ್ಲ ಇದರ ಮೇಲೆಯೇ ನಿಂತಿದೆ.

ದಾರಿಯಲ್ಲಿ ಎದುರಾದಾಗ

ಹೊರಟ ಅಯಾನುಗಳೆಲ್ಲ ಗುರಿಯನ್ನು ಮುಟ್ಟುತ್ತವೆಯೇ? ಇಲ್ಲ. ಎದುರಿನಿಂದ ಬರುವ ಅಯಾನುಗಳೊಡನೆ ಕೆಲವು ಸುಮ್ಮನೆ ಹಾದುಹೋಗುತ್ತವೆ. ಕೆಲವು ಕೂಡಿಕೊಂಡು ಅಲ್ಲಿಯೇ ನೆಲೆನಿಲ್ಲುತ್ತವೆ. 1806ರಲ್ಲಿ ಹಂಫ್ರಿ ಡೇವಿ ಎಂಬ ಆಂಗ್ಲ ವಿಜ್ಞಾನಿಯು ದ್ರವ ತುಂಬಿದ ಬಟ್ಟಲುಗಳನ್ನು ಒದ್ದೆ ನಾರಿನಿಂದ ಒಂದಕ್ಕೊಂದು ಜೋಡಿಸಿ, ವಿದ್ಯುತ್ತನ್ನು ಹಾಯಿಸಿ ಇದನ್ನು ಪರೀಕ್ಷಿಸಿದನು. ಎಷ್ಟೋ ಆಮ್ಲಗಳೂ ಕ್ಷಾರಗಳೂ ನಡುವಿನ ಬಟ್ಟಲನ್ನು ದಾಟಿ ಆಚೆ ಸೇರಿದವು. ಆದರೆ ಬೇರಿಯಂ ಮತ್ತು ಗಂಧಕಾಮ್ಲಗಳು ದಾರಿಯಲ್ಲಿ ಸಂಧಿಸಿದಾಗ ದಾಟುವುದು ಸಾಧ್ಯವಾಗಲಿಲ್ಲ. ಎರಡೂ ಕೂಡಿ, ಕರಗದ ಬಿಳಿಯ ಗಸಿಯಾಗಿ ತಳಕ್ಕೆ ಕುಸಿದವು.

ಇದನ್ನೇ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇನ್ನೂ ಸುಲಭವಾಗಿ ತೋರಿಸಬಹುದು. ಶಾಯಿ ಹೀರುವ ಒತ್ತುಕಾಗದದ ಒಂದು ಪಟ್ಟಿಯನ್ನು ಪೊಟ್ಯಾಸಿಯಂ ನೈಟ್ರೇಟಿನ ದ್ರವದಲ್ಲಿ ನೆನೆಸಿ, ಎರಡು ತುದಿಗಳನ್ನು ಬ್ಯಾಟರಿಗೆ ಸೇರಿಸುತ್ತಾರೆ. ಧನಾಗ್ರದ ಬಳಿ ಸೀಸದ ಲವಣದ ಒಂದು ಹರಳನ್ನೂ, ಋಣಾಗ್ರದ ಬಳಿ ಪೊಟ್ಯಾಸಿಯಂ ಅಯೊಡೈಡಿನ ಒಂದು ಹರಳನ್ನೂ ಇಡುತ್ತಾರೆ. ಸೀಸದ ಅಯಾನು ಈ ಕಡೆಯಿಂದ, ಅಯೊಡಿನ್ನಿನ ಅಯಾನು ಆ ಕಡೆಯಿಂದ ಹೊರಟು, ಸ್ವಲ್ಪ ಹೊತ್ತಿನ ಮೇಲೆ ಕಾಗದದ ನಡುವೆ ಅರಸಿನದಂಥ ಹಳದಿ ಗೆರೆಯೊಂದು ಮೂಡುತ್ತದೆ. ಎರಡೂ ಕೂಡಿದ ಮೇಲೆ ಆವೇಶವಿಲ್ಲ, ಆವೇಶವಿಲ್ಲದುದಕ್ಕೆ ಓಟವಿಲ್ಲ, ಗೆರೆ ಅಲ್ಲಿಯೇ ನಿಲ್ಲುತ್ತದೆ. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿದ್ದರೆ ಎರಡು ಅಯಾನುಗಳೂ ಪರಸ್ಪರ ದೂರ ಸರಿಯುತ್ತಿದ್ದವು. ಸೀಸದ ಲವಣ ವಿಷವಾದುದರಿಂದ ಇದನ್ನು ಮನೆಯಲ್ಲಿ ಯಾರೂ ಮಾಡಹೋಗಬಾರದು.

ಅಯಾನುಗಳ ನಡಿಗೆಯನ್ನು ಕಣ್ಣಾರೆ ಕಾಣಬೇಕೆಂದು 1886ರಲ್ಲಿ ಆಲಿವರ್ ಲಾಡ್ಜ್ ಎಂಬವನು ಗಾಜಿನ ಕೊಳವೆಯಲ್ಲಿ ಜಿಲೆಟಿನ್ ತುಂಬಿ, ಕ್ಷಾರದಲ್ಲಿ ಕೆಂಪಾಗುವ ಒಂದು ಬಣ್ಣವನ್ನು ಅದರಲ್ಲಿ ಸೇರಿಸಿದನು. ಜಲಜನಕದ ಅಯಾನುಗಳು ಒಳಹೊಕ್ಕು ಮುಂದುವರಿದಂತೆಲ್ಲ ಕ್ಷಾರದ ಅಂಶವನ್ನು ನಾಶಮಾಡುತ್ತ ಹೋದವು. ಕೆಂಪು ಬಣ್ಣ ಅಂಗುಲ ಅಂಗುಲವಾಗಿ ಅಳಿಯುತ್ತ ಹೋಯಿತು. ಓಟವೂ ರಾಸಾಯನಿಕ ಕ್ರಿಯೆಯೂ ಇಲ್ಲಿ ಬೇರೆ ಬೇರೆಯಲ್ಲ. ಕ್ರಿಯೆಯೇ ಓಟದ ಗುರುತು.

ಈ ಹಳದಿ ಗೆರೆಯ ಉಪಾಯವೇ ಮುಂದೆ ರಕ್ತನಿಧಿಗಳಲ್ಲಿಯೂ ಬಳಕೆಗೆ ಬಂದಿತು. 1970ರ ದಶಕದಲ್ಲಿ, ದಾನಿಯ ರಕ್ತದಲ್ಲಿ ಕಾಮಾಲೆಯ ಬಿ ವೈರಸ್ಸಿನ ಅಂಶವಿದೆಯೇ ಎಂದು ತಿಳಿಯಲು, ತೆಳ್ಳನೆಯ ಲೋಳೆಯ ಹಾಳೆಯಲ್ಲಿ ಎರಡು ಗುಳಿಗಳನ್ನು ಮಾಡಿ, ಒಂದರಲ್ಲಿ ದಾನಿಯ ರಕ್ತದ ತಿಳಿಯನ್ನೂ ಇನ್ನೊಂದರಲ್ಲಿ ಆ ವೈರಸ್ಸನ್ನು ಹಿಡಿಯಬಲ್ಲ ಪ್ರತಿವಸ್ತುವನ್ನೂ ಇಟ್ಟು ವಿದ್ಯುತ್ತನ್ನು ಹಾಯಿಸುತ್ತಿದ್ದರು. ವೈರಸ್ಸಿನ ಅಂಶ ಧನಾಗ್ರದ ಕಡೆಗೆ ಓಡುತ್ತಿದ್ದಿತು. ಪ್ರತಿವಸ್ತುವನ್ನು ಲೋಳೆಯೊಳಗಿನ ನೀರಿನ ಹರಿವು ಎದುರು ದಿಕ್ಕಿಗೆ ಒಯ್ಯುತ್ತಿದ್ದಿತು. ಎರಡೂ ಸಂಧಿಸಿದಲ್ಲಿ ಬಿಳಿಯ ಗೆರೆಯೊಂದು ಮೂಡಿದರೆ ಆ ರಕ್ತವನ್ನು ಯಾರಿಗೂ ಕೊಡುವಂತಿರಲಿಲ್ಲ. ಈಗ ಅದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಗಳು ಬಂದು ಆ ಕ್ರಮ ಹಿಂದೆ ಸರಿದಿದೆ.

ಗಂಜಿಯ ಲೋಳೆಯಲ್ಲಿ ರಕ್ತದ ಓಟ

ಉಪ್ಪಿನ ಅಯಾನುಗಳಂತೆ ರಕ್ತದ ಸಸಾರಜನಕಗಳೂ ಆವೇಶ ಹೊತ್ತ ಕಣಗಳೇ. ಗಾತ್ರದಲ್ಲಿ ಮಾತ್ರ ಅವು ಆನೆಗಳು. ಆದರೆ ಒಂದು ವಿಶೇಷವುಂಟು. ಸೋಡಿಯಂ ಅಯಾನಿನ ಆವೇಶ ಸ್ಥಿರವಾದುದು. ಸಸಾರಜನಕದ ಆವೇಶವಾದರೋ ಸುತ್ತಲಿನ ದ್ರವವನ್ನು ಅವಲಂಬಿಸಿದೆ. ಓಡುತ್ತಿರುವಾಗಲೇ ಜಲಜನಕದ ಅಯಾನುಗಳು ಅದರ ಮೇಲೆ ಬಂದು ಕುಳಿತುಕೊಳ್ಳುತ್ತವೆ, ಮತ್ತೆ ಎದ್ದು ಹೋಗುತ್ತವೆ. ಹುಳಿ ಹೆಚ್ಚಾದರೆ ಕುಳಿತವು ಹೆಚ್ಚು. ಕ್ಷಾರ ಹೆಚ್ಚಾದರೆ ಎದ್ದುಹೋದವು ಹೆಚ್ಚು. ಒಟ್ಟು ಲೆಕ್ಕದಲ್ಲಿ ಉಳಿದ ಆವೇಶವೆಷ್ಟೋ ಅದಕ್ಕೆ ತಕ್ಕ ಓಟ. ನಾವು ಮೊದಲಿಗೆ ನೋಡಿದ ಒಡೆದ ಹಾಲು, ಈ ಲೆಕ್ಕ ಸೊನ್ನೆಗೆ ಬಂದು ನಿಂತ ಸ್ಥಿತಿ.

ಸಸಾರಜನಕಗಳನ್ನು ಹೀಗೆ ಓಡಿಸಿ ಬೇರ್ಪಡಿಸುವ ಸಮರ್ಥ ಉಪಕರಣವನ್ನು 1937ರಲ್ಲಿ ಪ್ರಕಟಿಸಿದವನು ಆರ್ನೆ ಟಿಸೇಲಿಯಸ್. ಅರ್‍ಹೇನಿಯಸನಿಗೆ ಕೆಳದರ್ಜೆ ಕೊಟ್ಟ ಅದೇ ಉಪ್ಸಾಲಾ ವಿಶ್ವವಿದ್ಯಾಲಯದವನು. 1948ರಲ್ಲಿ ಅವನಿಗೂ ನೊಬೆಲ್ ಬಂದಿತು. ಈ ಕ್ರಮಕ್ಕೆ ಎಲೆಕ್ಟ್ರೊಫೊರೆಸಿಸ್ ಎಂದು ಹೆಸರು. ಟಿಸೇಲಿಯಸನ ಯಂತ್ರ ದೊಡ್ಡದು, ಬೆಲೆಯೂ ದೊಡ್ಡದು. ಅದನ್ನು ಬಡ ಪ್ರಯೋಗಶಾಲೆಗಳಿಗೂ ಎಟಕುವಂತೆ ಮಾಡಿದವರಲ್ಲಿ ಆಲಿವರ್ ಸ್ಮಿಥೀಸ್ ಒಬ್ಬನು. ಬಾಲ್ಯದಲ್ಲಿ ತಾಯಿಯೊಡನೆ ಬಟ್ಟೆ ಒಗೆಯುವಾಗ, ಬಟ್ಟೆಗೆ ಹಾಕುವ ಗಂಜಿ ಆರಿದ ಮೇಲೆ ಲೋಳೆಯಾಗಿ ಗಟ್ಟಿಯಾಗುತ್ತಿದ್ದುದು ಅವನಿಗೆ ನೆನಪಿಗೆ ಬಂದಿತು. 1955ರಲ್ಲಿ ಅವನು ಹಿಟ್ಟಿನ ಗಂಜಿಯನ್ನು ಹಾಳೆಯಂತೆ ಗಟ್ಟಿಮಾಡಿ ಅದರಲ್ಲಿ ರಕ್ತದ ಸಸಾರಜನಕಗಳನ್ನು ಓಡಿಸಿ ತೋರಿಸಿದನು. ಇನ್ನೊಂದು ಲೋಳೆಯೂ ಹೊಟೇಲಿನವರಿಗೆ ಅಪರಿಚಿತವಲ್ಲ. ಫಲೂದಕ್ಕೂ ಪುಡ್ಡಿಂಗಿಗೂ ಬಳಸುವ ಚೈನಾಗ್ರಾಸ್, ಅರ್ಥಾತ್ ಸಮುದ್ರದ ಪಾಚಿಯಿಂದ ತೆಗೆದ ಅಗರ್, ಶುದ್ಧಗೊಂಡು ಇಂದಿಗೂ ಪ್ರಯೋಗಶಾಲೆಗಳಲ್ಲಿ ಇದೇ ಕೆಲಸ ಮಾಡುತ್ತಿದೆ.

ಎರಡು ಆವೇಶಗಳ ಅಂತರ

ಈಗ ವಿಷಯದ ತಿರುಳಿಗೆ ಬರೋಣ. ರಕ್ತಕ್ಕೆ ಕೆಂಪು ಬಣ್ಣವನ್ನೂ, ಉಸಿರಿನ ಆಮ್ಲಜನಕವನ್ನು ಹೊರುವ ಶಕ್ತಿಯನ್ನೂ ಕೊಡುವುದು ಹಿಮೊಗ್ಲೋಬಿನ್. ಅದರ ಒಂದೊಂದು ಅಣುವೂ ನಾಲ್ಕು ಸರಗಳಿಂದ ಆಗಿದೆ. ಎರಡು ಸರಗಳಲ್ಲಿ 141ರಂತೆ, ಇನ್ನೆರಡರಲ್ಲಿ 146ರಂತೆ, ಒಟ್ಟು 574 ಮಣಿಗಳು. ಈ ಮಣಿಗಳಿಗೆ ಅಮೈನೊ ಆಮ್ಲಗಳೆಂದು ಹೆಸರು.

1910ರಲ್ಲಿ ಚಿಕಾಗೊದ ವೈದ್ಯ ಜೇಮ್ಸ್ ಹೆರಿಕ್ ಎಂಬವನು, ಗ್ರೆನಡಾ ದ್ವೀಪದಿಂದ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿಯ ರಕ್ತದಲ್ಲಿ ಕುಡಗೋಲಿನಂತೆ ಬಾಗಿದ ಕಣಗಳನ್ನು ಕಂಡ ವರದಿಯನ್ನು ಪ್ರಕಟಿಸಿದನು. ಇದೇ ಕುಡಗೋಲು ಕಣ ರೋಗ. ಆರೋಗ್ಯವಂತರ ಕೆಂಪು ಕಣ ಸುಮಾರು 120 ದಿನ ಬದುಕಿದರೆ, ಈ ರೋಗಿಗಳ ಕಣ 10ರಿಂದ 20 ದಿನಗಳಲ್ಲಿ ಅಳಿಯುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮೂಳೆಗಳಲ್ಲಿ ತಡೆಯಲಾರದ ನೋವನ್ನು ಉಂಟುಮಾಡುತ್ತವೆ.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವನ ಮೂವರು ಸಂಗಡಿಗರು ಈ ರೋಗಿಗಳ ಹಿಮೊಗ್ಲೋಬಿನ್ನನ್ನು ಟಿಸೇಲಿಯಸನ ಯಂತ್ರದಲ್ಲಿ ಓಡಿಸಿ ನೋಡಿದರು. ಅದು ಎಲ್ಲರ ಹಿಮೊಗ್ಲೋಬಿನ್ನಿನಂತೆ ಓಡಲಿಲ್ಲ! ರೋಗವಿಲ್ಲದೆ ಅದರ ಅಂಶವನ್ನು ಮಾತ್ರ ಹೊತ್ತವರ ರಕ್ತದಲ್ಲಿ ಎರಡು ಬಗೆಯ ಹಿಮೊಗ್ಲೋಬಿನ್ನೂ ಕಾಣಿಸಿದುವು. ಒಂದು ರೋಗದ ಮೂಲ ಒಂದು ಅಣುವಿನ ಆವೇಶದಲ್ಲಿದೆಯೆಂದು ಜಗತ್ತಿಗೆ ತಿಳಿದುದು ಅದೇ ಮೊದಲು. ಮುಂದೆ 1956 ಮತ್ತು 1957ರಲ್ಲಿ ವರ್ನನ್ ಇನ್‌ಗ್ರಾಂ, ಹಿಮೊಗ್ಲೋಬಿನ್ನನ್ನು ತುಂಡರಿಸಿ ಒದ್ದೆ ಕಾಗದದ ಮೇಲೆ ಓಡಿಸಿ, ದೋಷವೆಲ್ಲಿದೆಯೆಂದು ಬೆರಳಿಟ್ಟು ತೋರಿಸಿದನು. 146 ಮಣಿಗಳ ಸರದಲ್ಲಿ ಆರನೆಯ ಮಣಿ, ಋಣ ಆವೇಶವುಳ್ಳ ಗ್ಲುಟಾಮಿಕ್ ಆಮ್ಲವಾಗಿರುವುದರ ಬದಲು ಆವೇಶವೇ ಇಲ್ಲದ ವ್ಯಾಲೀನ್ ಆಗಿದ್ದಿತು. ಅಂಥ ಸರಗಳು ಎರಡು. ಆದುದರಿಂದ 574ರಲ್ಲಿ ಎರಡು ಮಣಿಗಳ ವ್ಯತ್ಯಾಸ, ಎರಡು ಆವೇಶಗಳ ಕೊರತೆ.

ಕ್ಷಾರಯುಕ್ತ ದ್ರವದಲ್ಲಿ ನೆನೆದ ಪಟ್ಟಿಯ ಮೇಲೆ ಎಲ್ಲ ಹಿಮೊಗ್ಲೋಬಿನ್ನೂ ಧನಾಗ್ರದ ಕಡೆಗೆ ಓಡುತ್ತದೆ. ಸಾಧಾರಣವಾದ 'ಎ' ಬಗೆಯದು ಮುಂದೆ. ಎರಡು ಆವೇಶ ಕಡಮೆಯಿರುವ 'ಎಸ್' ಬಗೆಯದು ಹಿಂದೆ. ಕಣ್ಣಿಗೆ ಕಾಣುವ ಅಂತರ ಕೆಲವೇ ಮಿಲಿಮೀಟರುಗಳದು. ಆ ಅಂತರದಲ್ಲಿ ಒಂದು ಕುಟುಂಬದ ಹಣೆಬರಹವಿದೆ.

ಪಂಜಾಬಿನ ಕಡೆ ಕಾಣುವ 'ಡಿ' ಎಂಬ ಇನ್ನೊಂದು ಬಗೆಯೂ ಇದೇ ಪಟ್ಟಿಯ ಮೇಲೆ 'ಎಸ್' ನಿಂತಲ್ಲಿಯೇ ನಿಲ್ಲುತ್ತದೆ. ಆವೇಶ ಒಂದೇ ಆದಾಗ ಓಟವೊಂದರಿಂದಲೇ ತೀರ್ಪು ಕೊಡಲಾಗದು. ಆಗ ಬೇರೊಂದು ರಾಸಾಯನಿಕ ಪರೀಕ್ಷೆಯನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಆಮ್ಲಜನಕವನ್ನು ಕಿತ್ತುಕೊಳ್ಳುವ ಡೈಥಯೊನೈಟ್ ಎಂಬ ಲವಣದ ದ್ರವದಲ್ಲಿ 'ಎಸ್' ಮಂಜಿನಂತೆ ಕದಡುತ್ತದೆ. 'ಡಿ' ತಿಳಿಯಾಗಿ ಉಳಿಯುತ್ತದೆ. ಒಂದೇ ಪರೀಕ್ಷೆಯನ್ನು ನಂಬಿ ಯಾರೂ ಎದೆಗುಂದಬಾರದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಊರಿನ ಪಾತ್ರ

ಈ ಕಥೆಗೂ ಹೈದರಾಬಾದಿಗೂ ಇರುವ ನಂಟು ಚಿಕ್ಕದಲ್ಲ. 1897ನೆಯ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೈನ್ಯದ ವೈದ್ಯನಾಗಿದ್ದ ರೊನಾಲ್ಡ್ ರಾಸ್, ಮಲೇರಿಯದ ಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡನು. ಬೇಗಂಪೇಟೆಯಲ್ಲಿ ಅವನ ಹೆಸರಿನ ಸಂಸ್ಥೆ ಅದರ ಸ್ಮಾರಕ. ಕುಡಗೋಲು ಕಣದ ಅಂಶವನ್ನು ಒಬ್ಬ ತಂದೆಯಿಂದಲೋ ತಾಯಿಯಿಂದಲೋ ಮಾತ್ರ ಪಡೆದವರಿಗೆ ಮಾರಕವಾದ ಮಲೇರಿಯದಿಂದ ರಕ್ಷಣೆಯಿದೆಯೆಂದು 1954ರಲ್ಲಿ ಆಂಟನಿ ಆಲಿಸನ್ ತೋರಿಸಿದನು. ಸೊಳ್ಳೆಯ ಕಾಟವಿದ್ದ ಕಾಡು ಪ್ರದೇಶಗಳಲ್ಲಿ ಈ ಅಂಶ ತಲೆಮಾರುಗಳ ಕಾಲ ಉಳಿದು ಬಂದುದರ ಗುಟ್ಟು ಇದೇ. ತೆಲಂಗಾಣದ ಆದಿಲಾಬಾದಿನ ಕಡೆಯಲ್ಲಿಯೂ, ನಮ್ಮ ಮೈಸೂರು, ಚಾಮರಾಜನಗರ, ಕೊಡಗುಗಳಲ್ಲಿಯೂ ಗಿರಿಜನರಲ್ಲಿ ಈ ರೋಗ ಕಂಡುಬರುತ್ತದೆ. 2023ನೆಯ ಜುಲೈ 1ರಂದು ಕೇಂದ್ರ ಸರಕಾರವು ಇದರ ನಿರ್ಮೂಲನಕ್ಕೆಂದು ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿ, 2047ರ ಗುರಿಯನ್ನಿಟ್ಟುಕೊಂಡು, 40 ವರ್ಷದೊಳಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸುವ ಸಂಕಲ್ಪ ಮಾಡಿತು. ಕರ್ನಾಟಕವೂ ತೆಲಂಗಾಣವೂ ಅದರಲ್ಲಿ ಸೇರಿವೆ.

ತಾರ್ನಾಕದಿಂದ ಉಪ್ಪಲ್ಲಿಗೆ ಹೋಗುವ ದಾರಿಯಲ್ಲಿ, ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರವೆಂಬ ಸಿಸಿಎಂಬಿಯ ಫಲಕವನ್ನು ನಮ್ಮಲ್ಲಿ ಅನೇಕರು ಬಸ್ಸಿನಿಂದ ನೋಡಿರಬಹುದು. 1977ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿಯೇ 1980ರ ದಶಕದ ಕೊನೆಯಲ್ಲಿ ಲಾಲ್‌ಜಿ ಸಿಂಗರು ಭಾರತದ ಡಿಎನ್ಎ ಬೆರಳಚ್ಚಿನ ಕ್ರಮವನ್ನು ರೂಪಿಸಿದರು. ಅದರ ಮೊದಲ ಹೆಜ್ಜೆಗಳಲ್ಲಿ ಒಂದು, ಚೈನಾಗ್ರಾಸಿನ ಬಳಗದ ಅದೇ ಲೋಳೆಯಲ್ಲಿ ಡಿಎನ್ಎಯ ತುಂಡುಗಳನ್ನು ಓಡಿಸುವುದು. ಡಿಎನ್ಎಯ ಬೆನ್ನೆಲುಬು ಋಣ ಆವೇಶದ್ದಾದುದರಿಂದ ಅದು ಧನಾಗ್ರದ ಕಡೆಗೆ ಓಡುತ್ತದೆ. ಚಿಕ್ಕ ತುಂಡು ಮುಂದೆ, ದೊಡ್ಡದು ಹಿಂದೆ. 'ಬೆರಳಚ್ಚು' ಎಂಬ ಮಾತನ್ನು ಇನ್‌ಗ್ರಾಂ 1956ರಲ್ಲಿಯೇ ಹಿಮೊಗ್ಲೋಬಿನ್ನಿಗೆ ಬಳಸಿದ್ದನೆಂಬುದು ಇಲ್ಲಿ ಸ್ಮರಣೀಯ. ಉಪ್ಪಲ್ಲಿನಲ್ಲಿರುವ ಡಿಎನ್ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರವಾದ ಸಿಡಿಎಫ್‌ಡಿಯು ಅಪರಾಧ ಪತ್ತೆಯ ಕೆಲಸಕ್ಕೆ ಮಾತ್ರವಲ್ಲದೆ ವಂಶಪಾರಂಪರ್ಯ ರೋಗಗಳ ನಿದಾನಕ್ಕೂ ಮೀಸಲಾದುದು. ಶಿವರಾಂಪಲ್ಲಿಯಲ್ಲಿರುವ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿಯು 1998ರಿಂದ ಇಂಥ ಮಕ್ಕಳ ಸೇವೆಯಲ್ಲಿ ತೊಡಗಿದೆ.

ಮದುವೆಗೆ ಮುಂಚೆ ಒಂದು ಪರೀಕ್ಷೆ

ಕುಡಗೋಲು ಕಣ ರೋಗ ಗಿರಿಜನರದು, ನಮಗೇಕೆ ಅದರ ಚಿಂತೆ ಎನ್ನುವವರುಂಟು. ಅದರ ಸೋದರನಾದ ಥಲಸ್ಸೀಮಿಯಾ ಎಂಬುದಕ್ಕೆ ಜಾತಿ ಕುಲಗಳ ಹಂಗಿಲ್ಲ. ಅದರಲ್ಲಿ ಹಿಮೊಗ್ಲೋಬಿನ್ನಿನ ಒಂದು ಬಗೆಯ ಸರ ಸಾಕಷ್ಟು ತಯಾರಾಗುವುದೇ ಇಲ್ಲ. ಭಾರತದಲ್ಲಿ ಸರಾಸರಿ ನೂರಕ್ಕೆ 3ರಿಂದ 4 ಜನ ಇದರ ಅಂಶವನ್ನು ಹೊತ್ತಿದ್ದಾರೆ. ಅವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಹೆಚ್ಚೆಂದರೆ ರಕ್ತ ಸ್ವಲ್ಪ ಕಡಮೆಯಿರಬಹುದು. ತಮ್ಮಲ್ಲಿ ಈ ಅಂಶವಿದೆಯೆಂದು ಅವರಿಗೆ ಗೊತ್ತೇ ಇರುವುದಿಲ್ಲ.

ತೊಂದರೆ ಬರುವುದು, ಅಂಥ ಇಬ್ಬರು ಸತಿಪತಿಗಳಾದಾಗ. ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ, ಎರಡೂ ಕಡೆಯ ದೋಷವನ್ನು ಪಡೆದು ರೋಗಿಯಾಗುವ ಸಂಭವ ನಾಲ್ಕರಲ್ಲಿ ಒಂದು. ಅಂಶವನ್ನು ಮಾತ್ರ ಹೊರುವ ಸಂಭವ ನಾಲ್ಕರಲ್ಲಿ ಎರಡು. ಯಾವುದೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗು ಆರೋಗ್ಯವಾಗಿದೆಯೆಂದ ಮಾತ್ರಕ್ಕೆ ಎರಡನೆಯದಕ್ಕೆ ಅಭಯವಿಲ್ಲ. ತೀವ್ರ ಥಲಸ್ಸೀಮಿಯಾ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಕೊಡಬೇಕು; ಹಾಗೆ ಕೊಟ್ಟ ರಕ್ತದಿಂದ ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣವನ್ನು ಹೊರಹಾಕಲು ಔಷಧಿಯನ್ನೂ ಕೊಡುತ್ತಿರಬೇಕು. ತಿಂಗಳ ಸಂಬಳವನ್ನೇ ನಂಬಿದ ಗುಮಾಸ್ತನಿಗೂ, ದಿನದ ಬಹುಭಾಗ ಹೊಟೇಲಿನಲ್ಲಿಯೇ ಕಳೆಯುವ ಮಾಣಿಗೂ ಇದು ಎಂಥ ಭಾರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಹೆಂಡಿರಲ್ಲಿ ಒಬ್ಬರಲ್ಲಿ ಮಾತ್ರ ಅಂಶವಿದ್ದರೆ ಇಂಥ ರೋಗಿ ಮಗು ಹುಟ್ಟುವ ಭಯವಿಲ್ಲ. ಆದರೆ ಒಬ್ಬರಲ್ಲಿ ಥಲಸ್ಸೀಮಿಯಾ, ಇನ್ನೊಬ್ಬರಲ್ಲಿ ಕುಡಗೋಲು ಕಣದ ಅಂಶವಿದ್ದರೂ ಮಗುವಿಗೆ ಅಪಾಯವುಂಟೆಂಬುದನ್ನು ಮರೆಯಬಾರದು.

ನಮ್ಮ ಕಡೆ ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತರುವ ವಾಡಿಕೆ ಇನ್ನೂ ಉಳಿದಿದೆ. ರಕ್ತಸಂಬಂಧಿಗಳಲ್ಲಿ ಒಂದೇ ಅಜ್ಜನ ಅಂಶ ಎರಡೂ ಕಡೆ ಬಂದಿರುವ ಸಂಭವ ಹೆಚ್ಚು. ಅಂಥ ಸಂಬಂಧವನ್ನು ನಿಶ್ಚಯಿಸುವವರಂತೂ ಈ ಪರೀಕ್ಷೆಯನ್ನು ತಪ್ಪಿಸತಕ್ಕದ್ದಲ್ಲ.

ಪರೀಕ್ಷೆ ಕಷ್ಟದ್ದಲ್ಲ. ತೋಳಿನಿಂದ ತೆಗೆದ ಸ್ವಲ್ಪ ರಕ್ತ ಸಾಕು. ಹಿಂದಿನ ಪಟ್ಟಿಯ ಬದಲು ಇಂದು ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡದಿಂದ ಹಿಮೊಗ್ಲೋಬಿನ್ನನ್ನು ಓಡಿಸುತ್ತಾರೆ. ಅಥವಾ ಆವೇಶವುಳ್ಳ ಕಣಗಳನ್ನು ತುಂಬಿದ ಕೊಳವೆಯ ಮೂಲಕ ಹಾಯಿಸಿ, ಯಾವುದು ಎಷ್ಟು ಹೊತ್ತು ಅಂಟಿಕೊಂಡಿತೆಂದು ನೋಡುತ್ತಾರೆ. ಈ ಎರಡನೆಯದನ್ನು ಎಚ್‌ಪಿಎಲ್‌ಸಿ ಎಂದು ಬರೆದಿರುತ್ತಾರೆ. ಎರಡರಲ್ಲಿಯೂ ತೀರ್ಪು ಕೊಡುವುದು ಆವೇಶವೇ. ವರದಿಯಲ್ಲಿ 'ಎ2' ಎಂಬುದರ ಪ್ರಮಾಣ ನೂರಕ್ಕೆ 3.5ಕ್ಕಿಂತ ಹೆಚ್ಚಿದ್ದರೆ ಥಲಸ್ಸೀಮಿಯಾದ ಅಂಶವಿರಬಹುದೆಂದು ವೈದ್ಯರು ಊಹಿಸುತ್ತಾರೆ. 'ಎಸ್' ಎಂಬುದು ನೂರಕ್ಕೆ 30ರಿಂದ 40ರಷ್ಟಿದ್ದು ಉಳಿದುದು ಬಹುಪಾಲು 'ಎ' ಆಗಿದ್ದರೆ ಅದು ಕುಡಗೋಲು ಕಣದ ಅಂಶ ಹೊತ್ತವರ ಲಕ್ಷಣ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಬೇಕು. ಮೈಯಲ್ಲಿ ಕಬ್ಬಿಣದ ಅಂಶ ತೀರ ಕಡಮೆಯಾಗಿದ್ದರೆ 'ಎ2' ಪ್ರಮಾಣ ತಗ್ಗಿ, ಇರುವ ದೋಷ ಮರೆಯಾಗಬಹುದು. ಇತ್ತೀಚಿನ ಮೂರು ನಾಲ್ಕು ತಿಂಗಳಲ್ಲಿ ರಕ್ತ ತೆಗೆದುಕೊಂಡವರ ಪರೀಕ್ಷೆಯಲ್ಲಿ ದಾನಿಯ ಹಿಮೊಗ್ಲೋಬಿನ್ನೂ ಬೆರೆತು ಬರುತ್ತದೆ. ಇವೆರಡನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು. ಮದುವೆಯಾಗಿಹೋಗಿದ್ದು ಇಬ್ಬರಲ್ಲಿಯೂ ಅಂಶವಿದೆಯೆಂದು ಆಮೇಲೆ ಗೊತ್ತಾದರೂ ದಾರಿ ಮುಚ್ಚಿಲ್ಲ. ಗರ್ಭದ 10ರಿಂದ 12ನೆಯ ವಾರದೊಳಗೆ ಮಗುವಿನ ಸ್ಥಿತಿಯನ್ನು ಡಿಎನ್ಎಯಿಂದ ತಿಳಿಯುವ ಅನುಕೂಲವುಂಟು. ಗರ್ಭ ನಿಂತ ಕೂಡಲೇ ವೈದ್ಯರನ್ನು ಕಾಣುವುದು ಮಾತ್ರ ಅವಶ್ಯ.

ಕೊನೆಯದಾಗಿ ಒಂದು ಮಾತು. ಮಗುವಿಗೆ ಇಂಥ ರೋಗ ಬಂದಾಗ, ಸೊಸೆಯ ಕಾಲ್ಗುಣ ಸರಿಯಿಲ್ಲವೆಂದು ಆಡಿಕೊಳ್ಳುವ ಮನೆಗಳು ಇಂದಿಗೂ ಇವೆ. ವಿದ್ಯುತ್ತಿನ ಪಟ್ಟಿಗೆ ಅತ್ತೆಯ ಮನೆಯೆಂಬ, ತವರುಮನೆಯೆಂಬ ಭೇದ ತಿಳಿಯದು. ರೋಗಿ ಮಗುವಿನ ರಕ್ತದ ದೋಷದಲ್ಲಿ ತಂದೆಯ ಪಾಲು ಅರ್ಧ, ತಾಯಿಯ ಪಾಲು ಅರ್ಧ. ಇದರಲ್ಲಿ ಇಬ್ಬರ ಅಪರಾಧವೂ ಇಲ್ಲ. ಅಂಶ ಹೊತ್ತವರು ರೋಗಿಗಳೂ ಅಲ್ಲ, ಮದುವೆಗೆ ಅನರ್ಹರೂ ಅಲ್ಲ. ಸಂಗಾತಿಯಲ್ಲಿ ಇಂಥ ಅಂಶ ಇಲ್ಲದಿದ್ದರೆ ಸಾಕು.

ರಜೆಗೆಂದು ಊರಿಗೆ ಹೊರಡುವ ತರುಣರು, ಮನೆಯಲ್ಲಿ ಹೆಣ್ಣು ನೋಡುವ ಮಾತು ನಡೆದಿದ್ದರೆ, ಹೊರಡುವ ಮುಂಚೆ ಈ ಊರಿನ ಯಾವುದಾದರೂ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಲಿ. ಗಂಡಿನ ರಕ್ತದಲ್ಲಿ ಯಾವ ಅಂಶವೂ ಇಲ್ಲವೆಂದು ಸರಿಯಾಗಿ ನಿರ್ಧಾರವಾದರೆ ಹೆಣ್ಣಿನ ಕಡೆಯವರನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ಪರೀಕ್ಷೆಯನ್ನು ಗಂಡಿನ ಕಡೆಯವರೇ ಮೊದಲು ಮಾಡಿಸಿಕೊಳ್ಳುವುದು ಲೇಸೆಂದು ಹೇಳುವುದು ಇದಕ್ಕಾಗಿಯೇ. ಕೂಡಿ ಬಂದ ಜಾತಕವನ್ನು ಪುರೋಹಿತರು ನೋಡಲಿ, ಬೇಡವೆನ್ನುವುದಿಲ್ಲ. ಅದರ ಪಕ್ಕದಲ್ಲಿ ರಕ್ತದ ಈ ಜಾತಕವೂ ಇರಲಿ.